ಪಂಚರ ರುಜು

ಕೊಬ್ಬರಿ ಮಂಡಿಯ ಗೋದಾಮಿನಿಂದ ಎರಡು ಮೂಟೆ.
ಆರೋಪಿ ಸೋಮ್ಲಾ ನಾಯ್ಕ, ವಯಸ್ಸು ಅಂದಾಜು ಇಪ್ಪತ್ತೆರಡು,
ಹಾಸನದ ಜೈಲಿನಲ್ಲಿ ಏಳು ತಿಂಗಳು ಹನ್ನೊಂದು ದಿನ.
ಇದು ಮಾತ್ರ ಅಂದಾಜಲ್ಲ.

ಅರಸೀಕೆರೆ ಕೋರ್ಟಿನಲ್ಲಿ ನಾನು ಎದ್ದು ನಿಂತರೆ
ಸರ್ಕಾರ ಎದ್ದು ನಿಂತಂತೆ ಲೆಕ್ಕ.
ಐದಡಿ ಎತ್ತರ, ಎಡ ಮಂಡಿ ನೋವು,
ಡಬ್ಬಿಯಲ್ಲಿ ನಿನ್ನೆಯ ಚಪಾತಿ,
ಇಷ್ಟೂ ಸರ್ಕಾರವೇ.

ಹಿಂದಿನ ರಾತ್ರಿ ಮಹಜರು ಓದುತ್ತಿದ್ದೆ.
ಪಂಚ ಒಂದು: ಜೇನುಕಲ್ಲಪ್ಪ, ಟೀ ಅಂಗಡಿ, ಠಾಣೆ ಎದುರು.
ಎಲ್ಲೋ ಕಂಡ ರುಜು, ‘ಜೇ’ಯ ದೀರ್ಘವನ್ನು
ಹಲ್ಲಿಯ ಬಾಲದಂತೆ ಎಳೆದದ್ದು.
ಬೇರೆ ಕೇಸಿನ ಕಟ್ಟುಗಳನ್ನು ಬಿಚ್ಚಿದೆ.
ಅದೇ ತಾರೀಖು, ಅದೇ ಸಂಜೆ ನಾಲ್ಕೂವರೆ,
ಹಾರನಹಳ್ಳಿಯಲ್ಲಿ ಪಂಪ್‌ಸೆಟ್ಟು ಜಪ್ತಿಗೆ ಜೇನುಕಲ್ಲಪ್ಪ,
ರೈಲ್ವೆ ಗೇಟಿನಾಚೆ ಬೈಕು ಜಪ್ತಿಗೆ ಜೇನುಕಲ್ಲಪ್ಪ,
ತಾಂಡದ ಬೇಲಿಯಲ್ಲಿ ಸಿಕ್ಕ ಎರಡು ಮೂಟೆಗೂ ಅವನೇ.
ಒಲೆಯ ಮೇಲೆ ಹಾಲಿಟ್ಟು ಮೂರೂ ಕಡೆ ಸುತ್ತಿ
ಉಕ್ಕುವುದರೊಳಗೆ ವಾಪಸು ಬಂದಿರಬೇಕು.

ಕಟಕಟೆಯಿಂದ ನನಗೇ ಕೈ ಮುಗಿದ;
ದಿನವೂ ಅವನ ಟೀ ಕುಡಿಯುವವಳು ನಾನು.
ಮಾಮೂಲಿ ಪ್ರಶ್ನೆ ನಾಲ್ಕು, ಮಾಮೂಲಿ ಉತ್ತರ ನಾಲ್ಕು,
ಅಲ್ಲಿಗೆ ಕೂತುಬಿಡಬಹುದಿತ್ತು.
ಎದುರು ಉಚಿತ ನೆರವಿನ ಹುಡುಗ ವಕೀಲ
ತೆಳ್ಳನೆ ಫೈಲು ತಿರುವುತ್ತಿದ್ದ.
ಉಳಿದ ಕಟ್ಟುಗಳು ಅವನ ಬಳಿ ಇಲ್ಲ,
ನನ್ನ ಬಳಿ ಇವೆ.

ಕೇಳಿದೆ: ಆವತ್ತು ಅಂಗಡಿ ಬಾಗಿಲು ಹಾಕಿದ್ರಾ?

ಅವನು ಎಸ್‌ಐ ಮುಖ ನೋಡಿದ, ನನ್ನ ಮುಖ ನೋಡಿದ,
ಯಾವ ಸರ್ಕಾರಕ್ಕೆ ಹೆದರುವುದೆಂದು ತಿಳಿಯದೆ ಬೆವರಿದ.
‘ಬಾಗಿಲು ಹಾಕಿದ್ರೆ ಹೊಟ್ಟೆಗೇನ್ ಮೇಡಂ?
ಹಾಳೆ ತರ್ತಾರೆ, ಹಾಕು ಅಂತಾರೆ, ಹಾಕ್ತೀನಿ.’

ಫ್ಯಾನಿನ ಸದ್ದು.
‘ಇದನ್ನೂ ಟೈಪ್ ಮಾಡೋದಾ?’ ಬೆರಳಚ್ಚಿನವಳು ಕೇಳಿದಳು.
‘ಮಾಡಿ’ ಅಂದರು ಮ್ಯಾಜಿಸ್ಟ್ರೇಟರು, ಕನ್ನಡಕ ತೆಗೆದು.

ಹೊರಗೆ ಹುಣಸೆ ಮರದಡಿ ಎಸ್‌ಐ:
‘ನೀವು ಯಾರ ಪರ ಮೇಡಂ?’
ಅವರ ಹಿಂದೆಯೇ ಮೂಟೆ ಕಳಕೊಂಡ ರುದ್ರಮುನಿಯಪ್ಪ:
‘ಹಂಗಾರೆ ಕದ್ದೋರು ಯಾರವ್ವ?’
ಅದು ಸರಿಯಾದ ಪ್ರಶ್ನೆ.
ಏಳು ತಿಂಗಳಿಂದ ಯಾರೂ ಕೇಳಿರಲಿಲ್ಲ,
ನಾನೂ.

ಸೋಮ್ಲಾ ಯಾರಿಗೂ ಕೈ ಮುಗಿಯಲಿಲ್ಲ.
ಬೀಗ ಹಾಕಿದ ಶೌಚಾಲಯದ ಮುಂದೆ ಸ್ವಲ್ಪ ನಿಂತು
ಬಸ್ ಸ್ಟ್ಯಾಂಡಿನ ದಾರಿ ಯಾವುದೆಂದು ಕಾನ್‌ಸ್ಟೇಬಲ್ಲನ್ನೇ ಕೇಳಿ ಹೋದ.

ತಿಂಗಳ ಕೊನೆಗೆ ಮೇಲಿನ ಕಚೇರಿಗೆ ತಖ್ತೆ:
ಶಿಕ್ಷೆ ಎಷ್ಟು, ಖುಲಾಸೆ ಎಷ್ಟು.
ಕಾರಣಕ್ಕೆ ಅರ್ಧ ಇಂಚು ಜಾಗ.
‘ಪಂಚನಿಗೆ ಅಂಗಡಿ ಇತ್ತು’ ಎಂದು ಬರೆದೆ.
ವಿವರಣೆ ಕೇಳಿ ಮೆಮೊ ಬಂದಿದೆ.

ಈಗ ಜೇನುಕಲ್ಲಪ್ಪ ಟೀಗೆ ಸಕ್ಕರೆ ಕಮ್ಮಿ ಹಾಕುತ್ತಾನೆ.
ಕುಡಿಯುತ್ತಾ ಹೊಸ ಕೇಸಿನ ಮಹಜರು ತೆರೆದೆ.
ಪಂಚ ಒಂದು: ಓಂಕಾರಿ, ಪಂಕ್ಚರ್ ಅಂಗಡಿ,
ಠಾಣೆ ಎದುರು.

ಲೋಟ ಕೆಳಗಿಟ್ಟು
ಹಳೆಯ ಕಟ್ಟುಗಳ ದಾರ ಬಿಚ್ಚತೊಡಗಿದೆ.