ಮಧ್ಯಾಹ್ನದ ಹಾಳೆ

ಬೆಳಿಗ್ಗೆ ಒಂಬತ್ತಕ್ಕೆ ಕಾರುಗಳ ಬೆನ್ನಟ್ಟುವ ದೃಶ್ಯ.
ಹಾಳೆಯೆಂದರೆ ಇರುವೆ ಮುತ್ತಿದ ಬೆಲ್ಲದಚ್ಚು,
ನಲವತ್ತೆರಡು ಸಾಲು, ಕಹಳೆ, ನಗಾರಿ,
ತಗಡು ಬಡಿಯಲೆಂದೇ ಒಬ್ಬಾತ.
ನಮಗದು ಬೆವರು, ಕಷ್ಟವಲ್ಲ.
ಬೆರಳಿಗೆ ದಾರಿ ಗೊತ್ತು; ಒಂದು ಸ್ವರ ಜಾರಿದರೂ
ಗುಂಪಿನಲ್ಲಿ ಗೋವಿಂದ.
ಎರಡನೇ ಟೇಕಿಗೇ ಮುಗಿದು, ಕ್ಯಾಂಟೀನಿನಲ್ಲಿ
ಗಸಗಸೆ ಉದುರಿಸಿದ ನೂಡಲ್ಸು. ಜೊಂಬೊರ್ ಎರಡು ತಟ್ಟೆ ತಿಂದ.

ಮಧ್ಯಾಹ್ನದ ಹಾಳೆ ಬಂತು. ಬಿಳಿ.
ನಡುವೆ ಎರಡೇ ಸ್ವರ, ಹೋಗಿ ಬಂದು, ಹೋಗಿ ಬಂದು,
ನೂರ ಹನ್ನೆರಡು ಆವರ್ತ.
ವಿಯೋಲಾ ಮಾತ್ರ. ನಾವು ನಾಲ್ವರು.
ಉಳಿದವರು ಕೋಟು ತೊಟ್ಟು ಡ್ಯಾನ್ಯೂಬ್ ದಂಡೆಗೆ ಹೊರಟರು,
ಸುಲಭದ ಸಂಬಳ ನಿಮ್ಮದು, ಎಂದು ನಕ್ಕು.

ಪರದೆಯಲ್ಲಿ ಹೆಂಗಸೊಬ್ಬಳು
ಆಸ್ಪತ್ರೆಯ ಲಾಂಡ್ರಿಯಲ್ಲಿ ಹೊದಿಕೆ ಮಡಿಸುತ್ತಾಳೆ.
ಅಷ್ಟೆ.
ಮೊದಲು ಇದಕ್ಕೆ ಅರವತ್ತು ವಾದ್ಯ ಬರೆದಿದ್ದನಂತೆ.
ಕೊಳಲು ಹೋಯಿತು, ಹಾರ್ಪ್ ಹೋಯಿತು, ರಾಗವೂ ಹೋಯಿತು,
ಬಾಚಿ ಬಳಿದ ಮೇಲೂ ಪಾತ್ರೆಯ ತಳ ಬಿಡದ್ದು ಇದು.

ಕಿವಿಯಲ್ಲಿ ಕ್ಲಿಕ್ಕು. ನನಗೂ ಜೊಂಬೊರನಿಗೂ ಏಳರ ಲೆಕ್ಕ,
ಹಿಂದಿನಿಬ್ಬರಿಗೆ ಎಂಟು.
ಐವತ್ತಾರಕ್ಕೊಮ್ಮೆ ಸೇರಬೇಕು,
ಸೇರಿದ್ದು ಯಾರಿಗೂ ತಿಳಿಯಬಾರದು.
ಇಪ್ಪತ್ತನೆಯ ಆವರ್ತಕ್ಕೆ ಮೊಣಕೈ ನನ್ನದಾಗಿ ಉಳಿಯಲಿಲ್ಲ.
ಕಮಾನು ತಿರುಗುವಲ್ಲಿ ಒಂದು ಗೀರು,
ಕೂದಲೆಳೆಯಷ್ಟು.
ಬೆಳಿಗ್ಗೆಯಾಗಿದ್ದರೆ ನಗಾರಿ ನುಂಗುತ್ತಿತ್ತು;
ಈಗ ಬಿಳಿಯಂಗಿಯ ಮೇಲೆ ಸಾರು ಚೆಲ್ಲಿದ ಹಾಗೆ.
ಮತ್ತೆ ಮೊದಲಿಂದ.
ಮತ್ತೆ.

ಹದಿನೇಳನೆಯ ಟೇಕಿನಲ್ಲಿ ಎಣಿಕೆ ತಪ್ಪಿತು.
ಗಾಬರಿಗೆ ಎಣಿಸುವುದನ್ನೇ ಬಿಟ್ಟು
ಆ ಹೆಂಗಸಿನ ಕೈ ನೋಡಿದೆ:
ಮೂಲೆಗೆ ಮೂಲೆ, ಅಂಗೈಯಿಂದೊಮ್ಮೆ ನೀವಿ, ಬದಿಗೆ.
ಮೂಲೆಗೆ ಮೂಲೆ.
ಒಂದು ಹೊದಿಕೆಯ ಮುಂದೆ ಮಾತ್ರ ಏಕೋ ತಡೆದಳು,
ತೋಳಿನಿಂದ ಮೂಗೊರೆಸಿಕೊಂಡಳು.
ನಾನೂ ತಡೆದೆ, ಅರೆಗಳಿಗೆ.
ಗಾಜಿನಾಚೆ ಯಾರೂ ಕೈ ಎತ್ತಲಿಲ್ಲ.

ನವೆಂಬರಿನಲ್ಲಿ ತಂಗಿ ಪಿರೊಷ್ಕಾಳ ಜೊತೆ ಸಿನಿಮಾಕ್ಕೆ ಹೋದೆ.
ಹೊದಿಕೆಯ ದೃಶ್ಯಕ್ಕೆ
ಪಾಪ್‌ಕಾರ್ನ್ ಪೊಟ್ಟಣದಿಂದ ಕೈ ತೆಗೆದವಳು
ಆರು ನಿಮಿಷ ಮತ್ತೆ ಹಾಕಲಿಲ್ಲ.
ಹೊರಗೆ, ಟ್ರಾಮಿಗೆ ಕಾಯುತ್ತ ಅಂದಳು:
'ಕಾರುಗಳದ್ದು ಜೋರಾಗಿತ್ತು ಕಣೇ. ಅದರಲ್ಲಿ ನಿನ್ನದು ಯಾವುದು?'
ನನ್ನದು ಹೊದಿಕೆಯದ್ದು, ಎಂದೆ.
'ಅಲ್ಲಿ ಸಂಗೀತ ಇತ್ತಾ?'

ಟ್ರಾಮು ಬಂತು.
ಎಡಗೈಯಲ್ಲಿ ಕಂಬಿ ಹಿಡಿದು ಹತ್ತಿದೆ.
ಬಲದ್ದು ಇನ್ನೂ ಮೇಲೇಳುವುದಿಲ್ಲ.