ಸಾವಿರದ ಮೂರು

ಕುತೈಸಿಯ ಹಳೇ ಆಸ್ಪತ್ರೆ, ನೆಲಮಾಳಿಗೆ.
ಸರ್ವರಿನ ಬಿಸಿಗೆ ಆರಲೆಂದು
ಯಾರೋ ಪೈಪಿಗೆ ನೇತುಹಾಕಿದ ಕಾಲುಚೀಲ.
ಲಾಮ್ಜೀರಾ ಕೂತಿದ್ದಾಳೆ
ನುಗ್ಜಾರನ ಖಾತೆ ಅಳಿಸಲು.
ಸತ್ತು ನಲವತ್ತು ದಿನ; ಮಣ್ಣಿಗೆ ವೈನು ಸುರಿದಾಯ್ತು,
ಯಂತ್ರದೊಳಗೆ ಮಾತ್ರ ಆತ ಇನ್ನೂ ನೌಕರ.

ಒಂದು ಆಜ್ಞೆ. ಹೆಸರು ಹೋಯಿತು.
ಕಡತಗಳು ಹೋಗಲಿಲ್ಲ.
ಒಡೆಯನ ಹೆಸರಿದ್ದಲ್ಲಿ ಈಗ
ಬರಿಯ ಅಂಕಿ: ಸಾವಿರದ ಮೂರು.
ಮನೆ ಕೆಡವಿದ ಮೇಲೂ ನಿಂತ ಬಾಗಿಲ ಸಂಖ್ಯೆ.

ಇಲ್ಲಿ ಹಕ್ಕುಗಳ ಲೆಕ್ಕ ಸಣ್ಣದು.
ಓದಲು ನಾಲ್ಕು, ಬರೆಯಲು ಎರಡು, ನಡೆಸಲು ಒಂದು.
ಕೂಡಿದರೆ ಏಳು;
ನನ್ನ ಭಾಷೆಯಲ್ಲಿ ಹೇಳಿದರೆ ಎದ್ದು ನಿಲ್ಲಬೇಕು.
ಒಂದು ಕಳೆದರೆ ಆರು,
ದೀಪಕ್ಕೆ, ಒದ್ದೆ ಬಟ್ಟೆಗೆ ಹೇಳುವ ಮಾತು.
ಅವನ ಕಡತಗಳೆಲ್ಲ ಏಳು, ಆರು, ಆರು, ನಾಲ್ಕು.
ಒಂದೇ ಒಂದು
ಸೊನ್ನೆ ಸೊನ್ನೆ ಸೊನ್ನೆ.
ಊರಿಗಿಲ್ಲ, ಬಳಗಕ್ಕಿಲ್ಲ, ಒಡೆಯನಿಗೇ ಇಲ್ಲ.

ರೂಟ್ ಆಗಿ ಕೂತವಳಿಗೆ ಬೀಗವೆಂಬುದಿಲ್ಲ.
ಬೇರು ಯಾವ ಗೋಡೆಯ ಅಪ್ಪಣೆ ಕೇಳುತ್ತದೆ?
ಬೆರಳು ಕೀಲಿಯ ಮೇಲೆ ನಿಂತಿತು.
ನೋಡಬಲ್ಲೆ, ಅಂದುಕೊಂಡಳು,
ಚಹಾ ತರಲು ಮೇಲೆ ಹೋದಳು.
ಕೆಳಗಿಳಿಯುವಷ್ಟರಲ್ಲಿ ಮರೆತಿದ್ದಳು. ಅಥವಾ ಹಾಗೆ ಹೇಳುತ್ತಾಳೆ.

ಸೋಮವಾರ ತೆಕ್ಲೆ ಬಂದಳು,
ಹತ್ತೊಂಬತ್ತು ವರ್ಷ, ಕಿರುಗುಟ್ಟುವ ಹೊಸ ಬೂಟು.
ಖಾಲಿ ಬಿದ್ದಿದ್ದ ಅಂಕಿಯನ್ನೇ ಯಂತ್ರ ಕೊಟ್ಟಿತು.
ಸತ್ತವನದೆಲ್ಲ ಒಂದು ಕ್ಷಣದಲ್ಲಿ ಅವಳದು;
ಉಯಿಲಿಲ್ಲ, ಸಾಕ್ಷಿಯಿಲ್ಲ.
ಈ ಸೊನ್ನೆಯ ಕಡತ ಯಾರದು, ಕೇಳಿದಳು.
ತೆಕ್ಲೆ, ಅಂದಿತು ಪರದೆ.
ನನ್ನದೇ ತಾನೆ ಎಂದು
ತನಗೆ ತಾನೇ ನಾಲ್ಕು ಕೊಟ್ಟುಕೊಂಡಳು.

ಎತೇರಿ, ಐವತ್ತೊಂದು ವರ್ಷ.
ಮೇದೋಜೀರಕದ ತುಣುಕಿನ ವರದಿ.
ಕೆಳಗೆ ಅವನ ಕೈಯ ಸಾಲು:
ಡಾಕ್ಟರು ಹೇಳುವ ಹನ್ನೆರಡು ದಿನ ಮೊದಲೇ ನೋಡಿದೆ.
ನೋಡುವ ಅಧಿಕಾರವಿತ್ತು.
ಹನ್ನೆರಡು ದಿನ ಅವಳು ಹುರುಳಿಕಾಯಿ ಸೋಸುತ್ತ ಹಾಡಿದಳು,
ನಾನು ಕೆಳಗಿನ ದನಿ ಹಿಡಿದೆ.

ತೆಕ್ಲೆ ಸೊನ್ನೆ ಒತ್ತಿದಳು, ಮೂರು ಸಲ.
ಏನಿತ್ತು ಅದರಲ್ಲಿ, ಲಾಮ್ಜೀರಾ ಕೇಳಿದಳು, ತಲೆಯೆತ್ತದೆ.
ಖಾಲಿ, ಅಂದಳು.
ಪೈಪಿನ ಮೇಲೆ, ಯಾರದೆಂದು ಇನ್ನೂ ತಿಳಿಯದ ಕಾಲುಚೀಲ
ಯಾವಾಗಲೋ ಆರಿತ್ತು.