ಎರಡನೇ ಪುಟ, ಎಡಗಡೆ ಕೆಳಗೆ

ಫೋನ್ ನಂಬರು ಮಾತ್ರ ಹಳೆಯದೇ.
ಧನಿ ಅದನ್ನು ಬಿಡಲಿಲ್ಲ. ಕಾರವಾರಕ್ಕೆಲ್ಲ ಬಾಯಿಪಾಠ, ಅಂದರು.
ಉಳಿದಂತೆ ಕುರ್ಚಿ ಹೊಸದು, ಕಿವಿಗೆ ಸಿಕ್ಕಿಸಿದ್ದು ಹೊಸದು,
ಹೇಳಬೇಕಾದ ಮಾತು ಎದುರಿನ ಗೋಡೆಗೆ ಅಂಟಿಸಿದ ಚೀಟಿ:
"ನಮಸ್ಕಾರ, ದನಿ ಬ್ರಾಡ್‌ಬ್ಯಾಂಡ್.
ನಿಮ್ಮ ಡಬ್ಬಿಯಲ್ಲಿ ಕೆಂಪು ದೀಪ ಮಿನುಗುತ್ತಿದೆಯೇ?"

ಇಪ್ಪತ್ತೆರಡು ವರ್ಷ ಕರಡು ತಿದ್ದಿದವಳು ನಾನು.
ದಕಾರದ ಬುಡಕ್ಕೊಂದು ಗೀರು ಎಳೆದರೆ ಧಕಾರ.
ಬಣ್ಣದ ಅಚ್ಚು ಶುರುವಾದ ಮಂಗಳವಾರ
ಆ ಗೀರು ಎಲ್ಲಿಂದಲೋ ಬಂದು ಪತ್ರಿಕೆಯ ನೆತ್ತಿಗೇ ಕೂತಿತು:
'ಅಳಿವೆಯ ದನಿ' ಹೋಗಿ 'ಅಳಿವೆಯ ಧನಿ'.
ಬೈತಖೋಲ ಬಂದರಿನಲ್ಲಿ ನಕ್ಕರು,
ಒಂದು ದಿನವಾದರೂ ನಿಜ ಹಾಕಿದಿರಿ ಅಂತ.
ಧನಿ ಬೈಯಲಿಲ್ಲ. ಆ ಪ್ರತಿಗೆ ಕಟ್ಟು ಹಾಕಿಸಿ
ತಮ್ಮ ಕೋಣೆಯಲ್ಲಿ ತೂಗುಹಾಕಿದರು.

ಅಚ್ಚಿನ ಯಂತ್ರ ತೂಕಕ್ಕೆ ಹೋಯಿತು.
ಹುಬ್ಬಳ್ಳಿಯ ಗುಜರಿಯವರು ಮೂರು ದಿನ ಬಿಚ್ಚಿದರು.
ಹದಿನೆಂಟು ವರ್ಷ ಅದನ್ನು ಓಡಿಸಿದ ಇನಾಸ
ಕೊನೆಯ ರೋಲರನ್ನು ತಾನೇ ಎತ್ತಿ ಲಾರಿಗಿಟ್ಟ.
ಕೂಸನ್ನು ಕೊಟ್ಟ ಹಾಗೆ ಅಂತ ನಾನು ಬರೆಯುವುದಿಲ್ಲ;
ಅವನ ಬೆನ್ನು ಹಿಡಿದುಕೊಂಡಿತು, ಅಷ್ಟೆ.
ಈಗ ಕಂಬ ಹತ್ತುತ್ತಾನೆ. ಕೋಡಿಬಾಗದಿಂದ ಮಾಜಾಳಿವರೆಗೆ
ಕೂದಲಿನಷ್ಟು ಗಾಜು ಎಳೆದಿದ್ದಾನೆ.
"ಉಗುರಿನ ಶಾಯಿ ಹೋಗಲು ಆರು ತಿಂಗಳು ಬೇಕಾಯ್ತು, ಸುಲಭಕ್ಕ.
ಗಾಜಿನ ಚೂರು ಹೊಕ್ಕರೆ ಕಾಣೂದೇ ಇಲ್ಲ,
ಉರಿ ಮಾತ್ರ ಗೊತ್ತಾಗ್ತದೆ."

ಮಳೆಗಾಲಕ್ಕೆ ಮುಂಚೆ ಕೇಬಲ್ಲಿನ ಏಳರ ವಾರ್ತೆಯೂ ನಿಂತಿತು.
ಓದುತ್ತಿದ್ದವಳು ವಿಮಾ ಕಚೇರಿಯ ಕುಮುದಿನಿ ಮೇಸ್ತ.
ದಿನಕ್ಕೊಂದು ಸೀರೆ, ಹಿಂದೆ ಮಾತ್ರ ಅದೇ ಪರದೆ,
ಬಣ್ಣ ಮಾಸಿದ ಸದಾಶಿವಗಡದ ಗುಡ್ಡ.
ಮೀನುಪೇಟೆಯಲ್ಲಿ ಅವಳಿಗೆ ಇನ್ನೂ ಒಂದು ಬಂಗುಡೆ ಹೆಚ್ಚಿಗೆ ಬೀಳುತ್ತದೆ.
ಎಷ್ಟು ದಿನವೋ.

ಕೊನೆಯ ಸಭೆಯಲ್ಲಿ ಧನಿ ಅಂದರು:
ಇಷ್ಟು ದಿನ ಸುದ್ದಿ ಮಾರಿದೆವು, ಇನ್ನು ದಾರಿ ಮಾರೋಣ.
ಸುದ್ದಿಗೆ ಬಾಕಿ ಇಟ್ಟವರು ದಾರಿಗೆ ಮುಂಗಡ ಕೊಡುತ್ತಾರೆ.
ಲೆಕ್ಕ ಸರಿಯೇ. ಸಂಬಳ ಒಂದನೇ ತಾರೀಕಿಗೇ ಬರುತ್ತಿದೆ,
ಸುಳ್ಳು ಹೇಳಬಾರದು.
(ಜಾಲ, ಬಲೆ ಎಂಬ ಶ್ಲೇಷೆ ಇಲ್ಲಿ ಬೇಡ.
ಶೀರ್ಷಿಕೆಗಳಲ್ಲಿ ಎಳೆದೆಳೆದು ಅದನ್ನು
ಯಾವತ್ತೋ ಹರಿದು ಹಾಕಿದ್ದೇವೆ.)

ನಿನ್ನೆ ಸಂಜೆ ಸುಂಕೇರಿಯಿಂದ ಒಂದು ಕರೆ.
"ಪೇಪರಿನವರಾ?"
ನಾನು ಚೀಟಿ ಓದಿದೆ, ಕೆಂಪು ದೀಪ...
"ದೀಪ ಗೀಪ ಇಲ್ಲ ತಂಗಿ.
ನಾಳೆ ನೀರು ಎಷ್ಟೊತ್ತಿಗೆ ಇಳೀತದೆ? ಚಿಪ್ಪಿಗೆ ಹೋಗೂದಿತ್ತು."

ಎರಡನೇ ಪುಟ, ಎಡಗಡೆ ಕೆಳಗೆ,
ಎರಡು ಬೆರಳಗಲ ಜಾಗ. ಭರತಿ, ಇಳಿತ.
ಅಲ್ಲಿ ಅಂಕಿ ತಪ್ಪಿದ ದಿನ ಯಾರೂ ನಗುತ್ತಿರಲಿಲ್ಲ.
ಒಮ್ಮೆ ತಪ್ಪಿತ್ತು. ಮೊಣಕಾಲೆತ್ತರದ ನೀರಲ್ಲಿ
ಬರಿಬುಟ್ಟಿ ಹೊತ್ತು ಹಿಂದಿರುಗಿದ ಹೆಂಗಸರು
ಕಚೇರಿಯ ಮೆಟ್ಟಿಲ ಮೇಲೆ ಒದ್ದೆ ಸೀರೆಯಲ್ಲೇ ಕೂತಿದ್ದರು,
ಮಧ್ಯಾಹ್ನದವರೆಗೆ, ಮಾತಿಲ್ಲದೆ.

ಮೊಮ್ಮಗನ ಮೊಬೈಲಿನಲ್ಲಿ ಸಿಗುತ್ತದಲ್ಲ ಎನ್ನಬಹುದಿತ್ತು.
ಬೆರಳು ಮಡಚಿದೆ. ಅಮಾವಾಸ್ಯೆ ಕಳೆದು ಮೂರು,
ದಿನಕ್ಕೆ ಐವತ್ತು ನಿಮಿಷ ತಡ.
"ಏಳೂ ಇಪ್ಪತ್ತಕ್ಕೆ. ಒಂಬತ್ತರ ಮೇಲೆ ನಿಲ್ಲಬೇಡಿ."
ಅತ್ತಲಿಂದ ಉತ್ತರವಿಲ್ಲ, ಇಟ್ಟುಬಿಟ್ಟಿದ್ದಳು.

ಪರದೆ ಕೇಳಿತು: ದೂರಿನ ಬಗೆ ಯಾವುದು?
ವೇಗ ಕಡಿಮೆ. ತಂತಿ ತುಂಡು. ಬಿಲ್ಲಿನ ಗೊಂದಲ. ಇತರೆ.
ಇತರೆ ಒತ್ತಿದೆ. ವಿವರ ಕೊಡದೆ ಅದು ಮುಂದಕ್ಕೆ ಬಿಡುವುದಿಲ್ಲ.
ಬರೆದೆ: ಇಳಿತ, ಬೆಳಿಗ್ಗೆ 7.20.
ಹಳೆಯ ಚಾಳಿ, ಇನ್ನೊಮ್ಮೆ ಓದಿದೆ.
ತಪ್ಪಿರಲಿಲ್ಲ. ಕಳಿಸಿದೆ.

ರಾತ್ರಿ ಇನಾಸನ ಫೋನು:
"ಸುಂಕೇರಿ, ಇಳಿತ, ಏಳೂ ಇಪ್ಪತ್ತು ಅಂತ ಕೆಲಸ ಬಂದಿದೆ.
ಏಣಿ ತರಬೇಕಾ?"